ಬಟ್ಟೆಗೆ ತುಕ್ಕು ಹಿಡಿಯುವುದಿಲ್ಲ
ಸ್ಕೇಲ್ ಮಾಡೆಲ್ ವಿಮಾನ ಕಟ್ಟುವ ಎಳೆಯರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,

ನಿಮ್ಮ ಕೈಕೆಲಸದ ಬಗ್ಗೆ ನನಗೆ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಬ್ಬೆರಳಿನ ಉಗುರಿನಷ್ಟಿರುವ ಕಾಕ್‌ಪಿಟ್ಟಿನಲ್ಲಿ ಸೀಟಿನ ಬೆಲ್ಟಿಗೆ ಬಕಲ್ ಕೂರಿಸುತ್ತೀರಿ. ಎರಡು ಅರ್ಧಗಳನ್ನು ಅಂಟಿಸಿದ ಜಾಗದಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ಸಂದು ಸಿಗುವುದಿಲ್ಲ. ಬ್ರಷ್ಷಿನಲ್ಲಿ ಎನಾಮಲ್ ಬಳಿದು, ಗೆರೆ ಉಳಿಯದಿರಲಪ್ಪಾ ಎಂದು ದೇವರಿಗೆ ಕೈಮುಗಿಯುತ್ತಿದ್ದ ನಮ್ಮ ಪೀಳಿಗೆಗೆ ನಿಮ್ಮ ಏರ್‌ಬ್ರಷ್ಷಿನ ನಯ ಕಂಡರೆ ಹೊಟ್ಟೆಕಿಚ್ಚೇ ಆಗುತ್ತದೆ.

ತಕರಾರು ಇರುವುದು ಬಣ್ಣ ಮುಗಿದ ಮೇಲೆ ನೀವು ಶುರು ಮಾಡುವ ವೆದರಿಂಗ್, ಅಂದರೆ ಹಳತಾದಂತೆ ಕಾಣಿಸುವ ಕೆಲಸದ ಬಗ್ಗೆ. ಪ್ರದರ್ಶನದ ಮೇಜಿನ ಮೇಲೆ ನಿಮ್ಮ ಯುದ್ಧವಿಮಾನಗಳನ್ನು ಸಾಲಾಗಿ ನೋಡುತ್ತಾ ಹೋದರೆ ಎಲ್ಲವೂ ಒಂದೇ ಥರ ಮುದಿಯಾಗಿವೆ. ಒಂದು ರಷ್ಯದ ಹಿಮದಲ್ಲಿ ಹಾರಿದ್ದು, ಒಂದು ಲಿಬಿಯಾದ ಮರಳಿನಲ್ಲಿ, ಇನ್ನೊಂದು ಪೆಸಿಫಿಕ್ ದ್ವೀಪದ ಉಪ್ಪುಗಾಳಿಯಲ್ಲಿ. ಆದರೂ ಎಲ್ಲದರ ರೆಕ್ಕೆಯ ಬುಡದಲ್ಲೂ ಅದೇ ಬೆಳ್ಳಿ ಚುಕ್ಕೆಗಳು, ಪ್ರತಿ ಪ್ಯಾನೆಲ್ ಲೈನಿನಲ್ಲೂ ಅದೇ ಕಪ್ಪು, ಪ್ರೊಪೆಲ್ಲರಿನ ಅಂಚಿಗೆಲ್ಲ ಅದೇ ಹೊಳಪು. ಬಾಟಲಿಯ ಮೇಲಿನ ಸೂಚನೆ ಓದಿ ಹಚ್ಚಿದ ಕೊಳೆ ಅದು. ಆ ವಿಮಾನ ಎಲ್ಲಿತ್ತು, ಯಾರು ಅದರ ಮೇಲೆ ಹತ್ತಿ ಇಳಿದರು, ಮಳೆ ಬಿತ್ತೋ ಬಿಸಿಲು ಕಾಯಿತೋ ಎಂದು ನೀವು ಕೇಳಿಕೊಂಡ ಗುರುತು ಅಲ್ಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಮಾಡೆಲ್ ಮೇಲೆ ನೀವು ಹಾಕುವ ಪ್ರತಿ ಕಲೆಗೂ ಒಂದು ಕಾರಣ ಹೇಳಲು ಬರಬೇಕು. ಬಿಸಿಲೋ, ಹೊಗೆಯೋ, ಚೆಲ್ಲಿದ ಪೆಟ್ರೋಲೋ, ಬೂಟುಗಾಲೋ, ಏನಾದರೂ ಒಂದು. ಹೇಳಲು ಬಾರದಿದ್ದರೆ ಆ ಕಲೆ ಬೇಡ. ಬರೀ ಮಾತಿನಲ್ಲಿ ಇದು ಉಪದೇಶದಂತೆ ಕೇಳಿಸುತ್ತದೆ, ಆದ್ದರಿಂದ ಒಂದೇ ವಿಮಾನವನ್ನು ಹಿಡಿದು ಮಾತಾಡೋಣ.

ಅದು ಹಾಕರ್ ಹರಿಕೇನ್. ನೀವೆಲ್ಲ ಅದನ್ನು ಸ್ಪಿಟ್‌ಫೈರಿನ ಬಡ ಅಣ್ಣನಂತೆ ನೋಡುತ್ತೀರಿ, ಬ್ರಿಟನ್ನಿನ ಆಕಾಶದಲ್ಲಿ 1940ರ ಕಾಳಗಕ್ಕೆ ಮಾತ್ರ ನೆನೆಯುತ್ತೀರಿ. ನಾನು ಹೇಳುವ ಹರಿಕೇನ್ 1944ರದ್ದು, ಇಂಫಾಲದ್ದು, ನಮ್ಮ ವಾಯುಪಡೆಯದ್ದು. ಆ ವರ್ಷದ ಮಾರ್ಚ್ ಕೊನೆಗೆ ಜಪಾನೀ ಸೇನೆ ಕೊಹಿಮಾ ರಸ್ತೆಯನ್ನು ಕಡಿದು ಹಾಕಿತು. ಜೂನ್ 22ರಂದು ಆ ರಸ್ತೆ ಮತ್ತೆ ತೆರೆಯುವವರೆಗೆ ಇಂಫಾಲ ಕಣಿವೆಗೆ ಅನ್ನ, ಮದ್ದುಗುಂಡು, ಔಷಧಿ ಎಲ್ಲವೂ ಹೋದದ್ದು ಆಕಾಶದಿಂದ. ಆಗ ಅಲ್ಲಿದ್ದದ್ದು ಭಾರತೀಯ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್. ಅದರ ನಾಯಕ ಅರ್ಜನ್ ಸಿಂಗ್, ಮುಂದೆ ವಾಯುಪಡೆಯ ಮಾರ್ಷಲ್ ಆದವರು. ಕಾಡಿನ ಮೇಲೆ ತಗ್ಗಿನಲ್ಲಿ ಹಾರಿ ಜಪಾನೀಯರ ಜಾಡು ಹಿಡಿಯುವುದು, ಸಿಕ್ಕರೆ ಹೊಡೆಯುವುದು ಅವರ ಕೆಲಸ. ದಕ್ಷಿಣಕ್ಕೆ ಅರಾಕಾನಿನಲ್ಲಿ ಮೆಹರ್ ಸಿಂಗ್ ಅವರ ನಂಬರ್ 6 ಸ್ಕ್ವಾಡ್ರನ್ ಇದೇ ಹರಿಕೇನಿನಲ್ಲಿ ಫೋಟೋ ತೆಗೆದು ತರುತ್ತಿತ್ತು. ಅದಕ್ಕೆ ಬ್ರಿಟಿಷರ ಹದಿನಾಲ್ಕನೇ ಸೇನೆಯ ಕಣ್ಣು ಎಂಬ ಹೆಸರೇ ಬಿದ್ದಿತ್ತು.

ಕಿಟ್‌ಗೆ ಬರಗಾಲವಿಲ್ಲ. 1/72 ಸ್ಕೇಲಿನಲ್ಲಿ ರೆವೆಲ್ ಕಂಪನಿಯ ಹಳೆಯ 2ಸಿ ಇದೆ, ಪೋಲೆಂಡಿನ ಆರ್ಮಾ ಹಾಬಿಯ ಹೊಸದೂ ಇದೆ. ಕಟ್ಟಿ ಮುಗಿಸಿದರೆ ರೆಕ್ಕೆಯ ತುದಿಯಿಂದ ತುದಿಗೆ 17 ಸೆಂಟಿಮೀಟರ್, ಮೂಗಿನಿಂದ ಬಾಲಕ್ಕೆ ಹದಿಮೂರೂವರೆ ಚಿಲ್ಲರೆ. ಜೋಡಿಸುವ ಕೆಲಸದ ಬಗ್ಗೆ ನಿಮಗೆ ನಾನು ಹೇಳಬೇಕಾದ್ದೇನೂ ಇಲ್ಲ. ಭಾಗಗಳನ್ನು ಸ್ಪ್ರೂ ಚೌಕಟ್ಟಿನಿಂದ ಕತ್ತರಿಸುವ ಮೊದಲು ಎರಡು ಸಂಗತಿ ಮಾತ್ರ ನೋಡಿಕೊಳ್ಳಿ. ನೀವು ಆರಿಸಿಕೊಂಡ ವಿಮಾನ 2ಬಿಯೋ 2ಸಿಯೋ? 2ಬಿಯ ರೆಕ್ಕೆಯಲ್ಲಿ ಹನ್ನೆರಡು ಬ್ರೌನಿಂಗ್ ಮಷಿನ್‌ಗನ್, 2ಸಿಯಲ್ಲಿ ನಾಲ್ಕು 20 ಎಂಎಂ ಕ್ಯಾನನ್. ಬರ್ಮಾ ರಂಗದಲ್ಲಿ ತೂಕ ಇಳಿಸಲು ಎರಡು ಕ್ಯಾನನ್ ಕಿತ್ತು ಹಾರಿಸಿದ್ದೂ ಉಂಟು. ಎರಡನೆಯದು ಮೂಗಿನ ಕೆಳಗಿನ ವೋಕ್ಸ್ ಫಿಲ್ಟರ್. ಮರಳುಗಾಡಿಗೆಂದು ಮಾಡಿದ ಆ ದಪ್ಪ ಗದ್ದ ಕೆಲವು ವಿಮಾನಗಳಲ್ಲಿ ಇತ್ತು, ಹಲವದರಲ್ಲಿ ಇರಲಿಲ್ಲ. ಫೋಟೋ ಏನು ಹೇಳುತ್ತದೋ ಅದೇ ಸರಿ. ಡಬ್ಬದ ಮೇಲಿನ ಚಿತ್ರವನ್ನು ನಂಬಬೇಡಿ. ದೆಹಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿ ಒಂದು ಹರಿಕೇನ್ ಇದೆ, ಆಕಾರ ತಿಳಿಯಲು ಹೋಗಿ ನೋಡಿ. ಆದರೆ ಅದರ ಬಣ್ಣವನ್ನು ಸಾಕ್ಷಿಗೆ ಕರೆಯಬೇಡಿ. ವಸ್ತುಸಂಗ್ರಹಾಲಯದ ಬಣ್ಣ ವಸ್ತುಸಂಗ್ರಹಾಲಯದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹರಿಕೇನ್ ಹುಟ್ಟಿದ್ದು ಎರಡು ಯುಗಗಳ ಸಂಧಿಯಲ್ಲಿ. ಸಿಡ್ನಿ ಕ್ಯಾಮ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ಆಗಿನ್ನೂ ಜೋಡಿ ರೆಕ್ಕೆಯ ಬಟ್ಟೆ ವಿಮಾನಗಳ ಕಾಲ ಮುಗಿದಿರಲಿಲ್ಲ. ಹಾಗಾಗಿ ಇದರ ಮೂಗು ಲೋಹದ ತಗಡು, ರೆಕ್ಕೆ ಮೊದಲು ಬಟ್ಟೆಯದ್ದಾಗಿದ್ದು ಆಮೇಲೆ ಲೋಹವಾಯಿತು. ಆದರೆ ಪೈಲಟ್ ಕೂರುವ ಜಾಗದ ಹಿಂದಿನಿಂದ ಬಾಲದವರೆಗಿನ ಮೈ ಕೊನೆಯವರೆಗೂ ಬಟ್ಟೆಯದ್ದೇ ಉಳಿಯಿತು. ಒಳಗೆ ಲೋಹದ ಕೊಳವೆಗಳ ಹಂದರ, ಅದರ ಸುತ್ತ ಮರದ ಪಟ್ಟಿಗಳು, ಮೇಲೆ ಬಿಗಿದ ಲಿನನ್, ಅದಕ್ಕೆ ಬಳಿದ ಡೋಪ್ ಎಂಬ ಅಂಟುಬಣ್ಣ. ಬಾಲದ ರೆಕ್ಕೆಗಳೂ ಚುಕ್ಕಾಣಿಯೂ ಬಟ್ಟೆಯೇ. ಪ್ರೊಪೆಲ್ಲರ್ ನೋಡಿದರೆ ಇನ್ನೂ ತಮಾಷೆ. ರೋಟಾಲ್ ಕಂಪನಿಯ ಆ ಅಲಗುಗಳು ಬಹುಪಾಲು ಒತ್ತಿ ಗಟ್ಟಿ ಮಾಡಿದ ಮರದವು.

ಹೀಗೆ ಒಂದೇ ವಿಮಾನದಲ್ಲಿ ಮೂರು ಬಗೆಯ ಮೈ. ಮೂರೂ ಒಂದೊಂದು ಥರ ಹಳತಾಗುತ್ತವೆ. ನಿಮ್ಮಲ್ಲೊಬ್ಬರು ಮಾಡಿದ ಬಹಳ ಚೆಂದದ ಹರಿಕೇನಿನಲ್ಲಿ ಬಾಲದ ಪಕ್ಕಕ್ಕೆ ಬಣ್ಣ ಎದ್ದು ಬೆಳ್ಳಿ ಕಾಣುತ್ತಿತ್ತು, ಅದರ ಕೆಳಗೆ ತುಕ್ಕಿನ ಜಾಡು ಬೇರೆ ಇಳಿದಿತ್ತು. ಬೆಳ್ಳಿ ಬರಲು ಅಲ್ಲಿ ಲೋಹವೇ ಇಲ್ಲ. ತುಕ್ಕು ಹಿಡಿಯಲು ಕಬ್ಬಿಣವಂತೂ ಹೊರಹೊದಿಕೆಯಲ್ಲಿ ಇಲ್ಲ, ಮುಂಭಾಗದ ತಗಡು ಅಲ್ಯೂಮಿನಿಯಂ. ಡೋಪ್ ಬಳಿದ ಬಟ್ಟೆ ಬಿಸಿಲಿಗೆ ಮಂಕಾಗುತ್ತದೆ, ಪುಡಿಪುಡಿಯಾಗುತ್ತದೆ. ಒಳಗಿನ ಪಟ್ಟಿಗಳ ಮೇಲೆ ಬಟ್ಟೆ ಬಿಗಿದು ನಿಂತ ಏಣುಗಳಲ್ಲಿ ಕೈ, ತೋಳು, ಹೊದಿಕೆಯ ಹಗ್ಗ ಉಜ್ಜಿ ಉಜ್ಜಿ ಬಣ್ಣ ಸವೆಯುತ್ತದೆ. ತೀರಾ ಸವೆದರೆ ಒಳಗಿಂದ ಇಣುಕುವುದು ಡೋಪಿನ ಮೊದಲ ಪದರಗಳ ಕೆಂಗಂದು. ಗುಂಡು ತಗುಲಿ ಹರಿದರೆ ಬಟ್ಟೆಯ ತೇಪೆ ಅಂಟಿಸಿ ಮೇಲೆ ಹೊಸ ಬಣ್ಣ ಹಚ್ಚುತ್ತಿದ್ದರು. ಬಿಸಿಲು ತಿಂದ ಹಸಿರಿನ ನಡುವೆ ಆ ಚೌಕ ಗಾಢವಾಗಿ ಎದ್ದು ಕಾಣುತ್ತಿತ್ತು. ಅಂಥ ಒಂದು ತೇಪೆ ನಿಮ್ಮ ಮಾಡೆಲ್‌ನಲ್ಲಿ ಇದ್ದರೆ ನೂರು ಬೆಳ್ಳಿ ಚುಕ್ಕೆಗಿಂತ ಅದು ಹೆಚ್ಚು ಮಾತಾಡುತ್ತದೆ. ಅದನ್ನು ಮಾಡುವುದೂ ಸುಲಭ. ಮೂಲ ಬಣ್ಣವನ್ನು ಸ್ವಲ್ಪ ತೆಗೆದಿಟ್ಟುಕೊಳ್ಳಿ. ಇಡೀ ಮೈಯನ್ನು ಮಂಕು ಮಾಡಿದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ಎರಡು ಮಿಲಿಮೀಟರಿನ ಕಿಟಕಿ ಕೊರೆದು ತೆಳುವಾಗಿ ಊದಿ, ಅಷ್ಟೇ.

ಬೆಳ್ಳಿ ಎಲ್ಲಿ ಬರಬೇಕು ಹಾಗಾದರೆ? ಮೂಗಿನ ತಗಡುಗಳ ಅಂಚಿನಲ್ಲಿ, ಎಂಜಿನ್ ನೋಡಲು ದಿನಾ ಬಿಚ್ಚಿ ಹಾಕುವ ಸ್ಕ್ರೂಗಳ ಸುತ್ತ, ರೆಕ್ಕೆಯ ಬುಡದಲ್ಲಿ. ಅಲ್ಲೂ ಎಡ ಬಲ ಒಂದೇ ಅಲ್ಲ. ಹರಿಕೇನಿಗೆ ಪೈಲಟ್ ಹತ್ತುವುದು ಎಡಗಡೆಯಿಂದ. ಮೈಯ ಕೆಳಗಿಂದ ಹೊರಗೆಳೆಯುವ ಒಂದು ಮೆಟ್ಟಿಲು, ಆಮೇಲೆ ರೆಕ್ಕೆಯ ಬುಡ, ಆಮೇಲೆ ಸೀಟು. ಬಲಗಡೆ ಹತ್ತುವುದು ಮೆಕ್ಯಾನಿಕ್‌ಗಳು ಮಾತ್ರ. ಆದ್ದರಿಂದ ಎಡ ಹೆಚ್ಚು ಸವೆಯಬೇಕು, ಬಲ ಕಡಿಮೆ. ನೀವು ಎರಡೂ ಕಡೆ ಕನ್ನಡಿ ಹಿಡಿದಂತೆ ಸಮನಾಗಿ ಚುಕ್ಕೆ ಇಡುತ್ತೀರಲ್ಲ, ನೋಡಿದ ತಕ್ಷಣ ಕೃತಕ ಅನ್ನಿಸುವುದಕ್ಕೆ ಅದೇ ಅರ್ಧ ಕಾರಣ. ಎರಡೂ ರೆಕ್ಕೆಯ ಬುಡದಲ್ಲಿ 33 ಗ್ಯಾಲನ್ನಿನ ಒಂದೊಂದು ಟ್ಯಾಂಕ್ ಇತ್ತು. ಅವಸರದಲ್ಲಿ ತುಂಬುವಾಗ ಪೆಟ್ರೋಲ್ ಚೆಲ್ಲಿ, ಧೂಳು ತೊಳೆದು, ಮುಚ್ಚಳದ ಹಿಂದೆ ಒಂದು ಮಸುಕು ಜಾಡು ಉಳಿಯುತ್ತಿತ್ತು. ಆ ಜಾಡು ರೆಕ್ಕೆಯ ಇಳಿಜಾರಿನ ಕಡೆಗೆ ಹರಿಯಬೇಕು. ಬಾಲ ನೆಲಕ್ಕೆ ತಾಗಿಸಿ ನಿಲ್ಲುವ ವಿಮಾನ ಇದು, ಇಳಿಜಾರು ಹಿಂದಕ್ಕೇ. ಮಾಡೆಲ್ ಅನ್ನು ಮೇಜಿನ ಮೇಲೆ ಚಕ್ರಗಳ ಮೇಲೆ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡಿಕೊಳ್ಳಬೇಡಿ. 1/72ರಲ್ಲಿ ನೀವು ಇಡುವ ಒಂದು ಮಿಲಿಮೀಟರ್ ಚುಕ್ಕೆ ನಿಜದ ವಿಮಾನದಲ್ಲಿ 7.2 ಸೆಂಟಿಮೀಟರ್. ಅಂಗೈ ಅಗಲದ ಬಣ್ಣ ಎದ್ದು ಹೋದಂತೆ. ಅಂಥದ್ದು ಹತ್ತು ಇಟ್ಟರೆ ಆ ವಿಮಾನವನ್ನು ಯಾರೋ ಕೊಡಲಿಯಲ್ಲಿ ಕೆತ್ತಿದ್ದಾರೆ ಎಂದರ್ಥ. ಕಿಟ್‌ನಲ್ಲಿ ಕೊರೆದ ಪ್ಯಾನೆಲ್ ಲೈನ್ ಕಾಲು ಮಿಲಿಮೀಟರ್ ಇದ್ದರೂ ನಿಜದಲ್ಲಿ ಅದು ಸುಮಾರು ಎರಡು ಸೆಂಟಿಮೀಟರಿನ ಬಿರುಕು, ಬೆರಳು ತೂರಿಸಬಹುದು. ಅದಕ್ಕೆ ನೀವು ಕಡುಗಪ್ಪು ವಾಶ್, ಅಂದರೆ ತೆಳು ಮಾಡಿದ ಬಣ್ಣ, ತುಂಬುತ್ತೀರಿ. ಗೆರೆಯನ್ನು ಮುಚ್ಚಿಬಿಡಿ ಎನ್ನುವುದಿಲ್ಲ, ಕಣ್ಣಿಗೆ ಅದೂ ಬೇಕು. ಆದರೆ ಕಪ್ಪಿನ ಬದಲು ಮೂಲ ಬಣ್ಣಕ್ಕಿಂತ ಒಂದೇ ಮೆಟ್ಟಿಲು ಗಾಢವಾದದ್ದನ್ನು ಬಳಸಿ. ಅಂಗಡಿಯ ದುಬಾರಿ ಬಾಟಲಿಗಳೂ ಬೇಡ. ಚಿತ್ರಕಲೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಆಯಿಲ್ ಕಲರಿನ ಬರ್ಂಟ್ ಅಂಬರ್ ಟ್ಯೂಬು ಒಂದು, ವೈಟ್ ಸ್ಪಿರಿಟ್ ಒಂದು ಬಾಟಲಿ, ವರ್ಷಗಟ್ಟಲೆ ಬರುತ್ತದೆ. ಗ್ಲಾಸ್ ವಾರ್ನಿಷ್ ಪೂರ್ತಿ ಒಣಗಿದ ಮೇಲೆ ಹಚ್ಚಿ, ಒರೆಸುವಾಗ ಬಟ್ಟೆಯನ್ನು ಗಾಳಿ ಹರಿಯುವ ದಿಕ್ಕಿಗೇ ಎಳೆಯಿರಿ. ಬಟ್ಟೆಯ ಮೈ ಇರುವ ಬಾಲದ ಭಾಗಕ್ಕೆ ವಾಶ್ ಬೇಡವೇ ಬೇಡ, ಅಲ್ಲಿ ಪ್ಯಾನೆಲ್ಲೇ ಇಲ್ಲವಲ್ಲ.

ಬಣ್ಣದ ವಿಚಾರ ಚಿಕ್ಕದು. ಮೇಲೆ ಗಾಢ ಹಸಿರು ಮತ್ತು ಮಣ್ಣಿನ ಕಂದು, ಕೆಳಗೆ ಬೂದು. ಬಾಟಲಿಯಿಂದ ನೇರ ಹಚ್ಚಿದರೆ ಚಿಕ್ಕ ಮಾಡೆಲ್ ಮೇಲೆ ಎರಡೂ ಕಪ್ಪಾಗಿ ಕಾಣುತ್ತವೆ. ಸ್ವಲ್ಪ ತಿಳಿ ಬೂದು ಬೆರೆಸಿ. ಮಂಕು ಮಾಡುವಾಗ ಹಸಿರನ್ನೂ ಕಂದನ್ನೂ ಬೇರೆ ಬೇರೆ ಮಾಡಿ, ಮೇಲ್ಮುಖದ ಮೈಗೆ ಹೆಚ್ಚು, ಪಕ್ಕಕ್ಕೆ ಕಡಿಮೆ, ಹೊಟ್ಟೆಗೆ ಇಲ್ಲವೇ ಇಲ್ಲ. ಸೂರ್ಯ ಕೆಳಗಿಂದ ಕಾಯುವುದಿಲ್ಲ.

ಗುರುತಿನ ವೃತ್ತದ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ನನಗೆ ಈ ವಿಮಾನದಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು. ಬ್ರಿಟಿಷ್ ವಿಮಾನಗಳ ವೃತ್ತದ ನಡುವೆ ಕೆಂಪು ಬೊಟ್ಟು ಇರುತ್ತದೆ, ನಿಮಗೆಲ್ಲ ಗೊತ್ತು. ಜಪಾನೀ ವಿಮಾನಗಳ ಗುರುತೂ ಕೆಂಪು ಬೊಟ್ಟೇ. ಕಾಡಿನ ಮೇಲೆ ಅರೆಕ್ಷಣ ಕಂಡು ಮಾಯವಾಗುವ ವಿಮಾನದ ಮೇಲೆ ಕೆಂಪು ಕಂಡರೆ ಕೆಳಗಿನವನ ಬೆರಳು ಬಂದೂಕಿನ ಕುದುರೆಯ ಮೇಲೆ ಹೋಗುತ್ತದೆ, ಯಾರದ್ದೆಂದು ಕೇಳುವುದಿಲ್ಲ. ಆದ್ದರಿಂದ ಭಾರತ ಮತ್ತು ಬರ್ಮಾ ರಂಗದಲ್ಲಿ ಕೆಂಪನ್ನು ಪೂರ್ತಿ ಕಿತ್ತುಹಾಕಿದರು. ಗಾಢ ನೀಲಿಯ ವೃತ್ತ, ನಡುವೆ ತೆಳು ನೀಲಿ, ಅಷ್ಟೇ. ಅಳತೆಯೂ ಕುಗ್ಗಿ ಸಾಮಾನ್ಯವಾಗಿ 16 ಇಂಚಾಯಿತು. ನಿಮ್ಮ ಮಾಡೆಲ್ ಮೇಲೆ ಅದು ಸುಮಾರು ಐದೂವರೆ ಮಿಲಿಮೀಟರಿನ ಡಿಕಾಲ್.

ಈಗ ಯೋಚಿಸಿ. ಆ ವಿಮಾನಗಳಲ್ಲಿ ಬಹಳಷ್ಟು ಇಲ್ಲಿಗೆ ಬಂದದ್ದು ಹಳೆಯ ದೊಡ್ಡ ವೃತ್ತ ಹೊತ್ತುಕೊಂಡು. ಇಲ್ಲಿಯ ಯಾರೋ ಅದರ ಮೇಲೆ ಹಸಿರು ಕಂದು ಬಳಿದು, ನಡುವೆ ಈ ಚಿಕ್ಕದನ್ನು ಬರೆದಿದ್ದಾರೆ. ಹೊಸ ಬಣ್ಣ ಹಳೆಯದರ ಜೊತೆ ಹೊಂದಲಿಲ್ಲ. ಗೋಡೆಯ ಮೇಲೆ ವರ್ಷಾನುಗಟ್ಟಲೆ ತೂಗಿದ ಕ್ಯಾಲೆಂಡರ್ ತೆಗೆದಾಗ ಉಳಿಯುವ ಗಾಢ ಚೌಕದಂತೆ, ಚಿಕ್ಕ ನೀಲಿಯ ಸುತ್ತ ದೊಡ್ಡ ವೃತ್ತದ ನೆರಳು ಉಳಿಯಿತು. ಆ ಕಾಲದ ಕಪ್ಪುಬಿಳುಪು ಫೋಟೋಗಳಲ್ಲೂ ಅದು ಸ್ಪಷ್ಟ. ಇಂಥದ್ದನ್ನು ಯಾವ ಕಿಟ್ ತಯಾರಕನೂ ಡಬ್ಬದಲ್ಲಿ ಹಾಕಿ ಕೊಡುವುದಿಲ್ಲ. ಕಾಗದದಲ್ಲಿ ವೃತ್ತ ಕತ್ತರಿಸಿ, ಮೈಗೆ ಒತ್ತದೆ ಕೂದಲೆಳೆಯಷ್ಟು ಮೇಲೆ ಹಿಡಿದು, ಏರ್‌ಬ್ರಷ್ಷಿನಲ್ಲಿ ತೆಳುವಾಗಿ ಮೂಲ ಬಣ್ಣ ಊದಿ. ಅಂಚು ಸ್ವಲ್ಪ ಅಂಕುಡೊಂಕಾದರೆ ಇನ್ನೂ ಒಳ್ಳೆಯದು. ಅದನ್ನು ಬಳಿದವನ ಕೈಯಲ್ಲಿ ಇದ್ದದ್ದು ಬ್ರಷ್ಷೇ ಇರಬಹುದು, ಹೊತ್ತೂ ಕಡಿಮೆ ಇತ್ತು.

ಹೊಗೆಯ ಬಗ್ಗೆ. ಹರಿಕೇನಿನ ಮರ್ಲಿನ್ ಎಂಜಿನ್ನಿಗೆ ಮೂಗಿನ ಎರಡೂ ಕಡೆ ಮೂರು ಮೂರು ಹೊಗೆಕೊಳವೆಗಳು. ಅಲ್ಲಿಂದ ಹೊರಟ ಹೊಗೆ ರೆಕ್ಕೆಯ ಬುಡದ ಮೇಲಿಂದ, ಕಾಕ್‌ಪಿಟ್ಟಿನ ಕೆಳಗಿಂದ ಹಿಂದಕ್ಕೆ ಹರಿಯುತ್ತದೆ. ನೀವೆಲ್ಲ ಅದನ್ನು ಕಪ್ಪು ಎಂದೇ ನಂಬಿದ್ದೀರಿ. ಆಗಿನ ಹೈ ಆಕ್ಟೇನ್ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ತುಸು ಪೆಟ್ರೋಲಿನಲ್ಲಿ ನಿಧಾನವಾಗಿ ಬಹಳ ಹೊತ್ತು ಹಾರಿದರೆ ಸೀಸದ ಬೂದು ಬಿಳುಪು ಕೂರುತ್ತದೆ, ಪೆಟ್ರೋಲ್ ಹೆಚ್ಚು ಸುರಿದು ಎಂಜಿನ್ ಜೋರು ಓಡಿಸಿದರೆ ಕರಿಮಸಿ. ದಿನವೂ ಬೇಹಿಗೆ ಹೋಗುತ್ತಿದ್ದ ವಿಮಾನಕ್ಕೆ ಎರಡೂ ಇರುವುದು ಸಹಜ. ಮೊದಲು ಅಗಲವಾಗಿ ಕಂದು ಕಪ್ಪು, ಅದರ ನಡುವೆ ಸಣ್ಣಗೆ ಬೂದು. ಪೇಸ್ಟೆಲ್ ಕಡ್ಡಿಯನ್ನು ಎಮರಿ ಪೇಪರಿಗೆ ಉಜ್ಜಿ ಪುಡಿ ಮಾಡಿ ಒಣ ಬ್ರಷ್ಷಿನಲ್ಲಿ ಹಚ್ಚಿದರೆ ಸಾಕು. ಮೇಲೆ ಮ್ಯಾಟ್ ವಾರ್ನಿಷ್ ಊದಿದರೆ ಅರ್ಧ ಮಾಯವಾಗುತ್ತದೆ, ಆದ್ದರಿಂದ ಇದು ಕೊನೆಯ ಕೆಲಸ.

ಮಣ್ಣು. ದಯವಿಟ್ಟು ನಮ್ಮ ಮಲೆನಾಡಿನ ಕೆಮ್ಮಣ್ಣು ಜರಡಿ ಹಿಡಿದು ಚಕ್ರಕ್ಕೆ ಮೆತ್ತಬೇಡಿ, ಎಷ್ಟೇ ಚೆಂದ ಕಂಡರೂ. ಇಂಫಾಲ ಕಣಿವೆಯದ್ದು ಹೊಳೆ ಕೆರೆಗಳು ತಂದು ಹಾಸಿದ ಮೆಕ್ಕಲು, ಬೂದುಗಂದು. ಮಾರ್ಚ್ ತಿಂಗಳ ವಿಮಾನವಾದರೆ ಅದು ಧೂಳಾಗಿ ಹೊಟ್ಟೆಯ ಕೆಳಗೂ ಬಾಲದ ಮುಂದೂ ಕೂತಿರಬೇಕು. ಜೂನ್ ತಿಂಗಳದ್ದಾದರೆ ಮಳೆ ಹಿಡಿದಿದೆ, ಕೆಸರು ಚಕ್ರದಿಂದ ಎಗರಿ ರೆಕ್ಕೆಯ ಕೆಳಭಾಗಕ್ಕೆ ಹೊಡೆದಿದೆ, ಮೇಲ್ಮೈ ಮಾತ್ರ ತೊಳೆದಂತೆ ಶುಚಿ. ಒಂದೇ ಮಾಡೆಲ್ ಮೇಲೆ ಬೇಸಿಗೆಯ ಧೂಳನ್ನೂ ಮಳೆಗಾಲದ ಕೆಸರನ್ನೂ ಸೇರಿಸಿದರೆ ಯಾವ ತಿಂಗಳು ಎಂದು ನಾನು ಕೇಳುತ್ತೇನೆ. ಮೂಗಿನ ಮೇಲಿನ ಎಣ್ಣೆ ಜಿಡ್ಡಿಗೂ ಇದೇ ಪ್ರಶ್ನೆ. ಹರಿಕೇನಿನ ಪ್ರೊಪೆಲ್ಲರಿನಿಂದ ಎಣ್ಣೆ ಚಿಮ್ಮಿ ಎದುರುಗಾಜು ಮಸುಕಾಗುತ್ತಿತ್ತೆಂದೇ ಅದರ ಹಿಂದೆ ಎಣ್ಣೆ ಹಿಡಿಯುವ ಒಂದು ಬಳೆ ಕೂರಿಸಿದ್ದರು. ಎಣ್ಣೆ ಅಲ್ಲಿಂದ ಶುರುವಾಗಿ ಕೆಳಕ್ಕೂ ಹಿಂದಕ್ಕೂ ಹೋಗಲಿ, ಮನಬಂದ ಕಡೆ ಬೇಡ.

ಇನ್ನೊಂದು ಮಸಿ ಇದೆ. ಕ್ಯಾನನ್ ಹಾರಿಸಿದಾಗ ರೆಕ್ಕೆಯ ಕೆಳಗೆ, ಖಾಲಿ ತೋಟಾಗಳು ಬೀಳುವ ಕಿಂಡಿಯ ಹಿಂದೆ ಹಿಡಿಯುವ ಮಸಿ. ನೀವು ಇದನ್ನು ಬಹಳ ಉತ್ಸಾಹದಿಂದ ಹಚ್ಚುತ್ತೀರಿ. ಹಚ್ಚಿ, ಅದು ಇದ್ದದ್ದೇ. ಆದರೆ ಆ ಕ್ಯಾನನ್ನಿನ ಮುಂದೆ ಯಾರಿದ್ದರು ಎಂಬುದೂ ಗೊತ್ತಿರಲಿ. 1944ರ ಏಪ್ರಿಲ್ 14ರಂದು ಇಂಫಾಲದ ದಕ್ಷಿಣಕ್ಕೆ, ಲೋಕ್ತಾಕ್ ಸರೋವರದ ಬದಿಯ ಮೊಯಿರಾಂಗ್‌ನಲ್ಲಿ ಆಜಾದ್ ಹಿಂದ್ ಫೌಜಿನ ಕರ್ನಲ್ ಶೌಕತ್ ಮಲಿಕ್ ತ್ರಿವರ್ಣ ಧ್ವಜ ಏರಿಸಿದರು. ಜಪಾನೀಯರ ಪಕ್ಷದಲ್ಲಿ ನಿಂತು ಅಲ್ಲಿ ಕಾದಾಡಿದವರಲ್ಲಿ ಭಾರತೀಯರೂ ಇದ್ದರು, ಮೇಲೆ ಹಾರಿದವರೂ ಭಾರತೀಯರು. ಎರಡೂ ಕಡೆಯವರನ್ನು ನಾವು ಇಂದು ಗೌರವದಿಂದ ನೆನೆಯುತ್ತೇವೆ. ಇದನ್ನು ಬಿಡಿಸಿ ಹೇಳುವ ಶಕ್ತಿ ಹದಿನೇಳು ಸೆಂಟಿಮೀಟರಿನ ಪ್ಲಾಸ್ಟಿಕ್ಕಿಗೆ ಇಲ್ಲ, ನನಗೂ ಇಲ್ಲ. ಆದರೆ ಮಾಡೆಲ್ ಪಕ್ಕ ಇಡುವ ಚೀಟಿಯಲ್ಲಿ ಬರೀ ಎಂಜಿನ್ನಿನ ಹೆಸರೂ ಬಣ್ಣದ ನಂಬರೂ ಬರೆದು ಮುಗಿಸುವುದು ನನಗೆ ಒಗ್ಗದು. ಇಂಫಾಲ, 1944 ಎಂದಾದರೂ ಬರೆಯಿರಿ. ನೋಡಲು ಬಂದ ಹುಡುಗ ಕೇಳಿದರೆ ಉಳಿದದ್ದನ್ನು ಬಾಯಲ್ಲಿ ಹೇಳಿ.

ನಾನು ಇಷ್ಟೆಲ್ಲ ಕಲೆ, ತೇಪೆ, ಜಾಡು ಎನ್ನುತ್ತಿರುವುದಕ್ಕೆ ಇನ್ನೊಂದು ಕಾರಣ ಇದೆ. ಪೈಲಟ್‌ಗಳ ಹೆಸರು ಚರಿತ್ರೆಯಲ್ಲಿ ಉಳಿದಿದೆ. ವಿಮಾನದ ಮೇಲಿನ ಗುರುತುಗಳಲ್ಲಿ ಹೆಚ್ಚಿನವು ಅವರದ್ದಲ್ಲ, ನೆಲದ ಮೇಲಿನವರದ್ದು. ತೇಪೆ ಹಾಕಿದವರು, ಟ್ಯಾಂಕ್ ತುಂಬಿದವರು, ಎಂಜಿನ್ನಿನ ತಗಡು ಬಿಚ್ಚಿದವರು, ಕ್ಯಾನನ್ನಿಗೆ ಬೆಲ್ಟ್ ಏರಿಸಿದವರು. ನಂಬರ್ 1 ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಶುರುವಾದಾಗ ಅವರನ್ನು ಹವಾಯಿ ಸಿಪಾಯಿಗಳು ಎನ್ನುತ್ತಿದ್ದರು. ಹನ್ನೊಂದು ವರ್ಷದ ನಂತರ ಮುತ್ತಿಗೆಗೆ ಸಿಕ್ಕ ಕಣಿವೆಯಲ್ಲಿ, ಬಿಡಿಭಾಗವೂ ವಿಮಾನದಲ್ಲೇ ಬರಬೇಕಾದ ಕಾಲದಲ್ಲಿ, ಹರಿಕೇನುಗಳನ್ನು ಹಾರುವ ಸ್ಥಿತಿಯಲ್ಲಿ ಇಟ್ಟವರು ಅವರ ಸಾಲಿನವರೇ. ಅವರ ಕೆಲಸ ನಿಮ್ಮ ಮಾಡೆಲ್ ಮೇಲೆ ಕಾಣಬಹುದಾದ ಜಾಗ ವೆದರಿಂಗ್ ಒಂದೇ. ಆ ಜಾಗವನ್ನು ನೀವು ಸ್ಪಂಜಿನಿಂದ ಚುಕ್ಕೆ ಹೊಡೆದು ಮುಗಿಸುತ್ತೀರಿ ಎಂಬುದೇ ನನ್ನ ಬೇಸರ.

ಇಂಫಾಲ ದೂರ ಆಯಿತು ಎನ್ನುವವರಿಗೆ ನಮ್ಮೂರಿನ ಮಾತು ಹೇಳುತ್ತೇನೆ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದ್ದು 1940ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ಅಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಫೈಟರ್ 1942ರ ಜುಲೈನಲ್ಲಿ ಹಾರಿತು. ಆಮೇಲೆ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ ರಿಪೇರಿ ಕೇಂದ್ರವಾಯಿತು. ಕಟಲೀನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಆ ಕೆರೆಯ ನೊರೆ ನೋಡಿದವರಿಗೆ ನಂಬುವುದು ಕಷ್ಟ, ಆದರೂ ನಿಜ. ಯಲಹಂಕದಲ್ಲಿ 1944ರಲ್ಲಿ ರಾಯಲ್ ಏರ್‌ಫೋರ್ಸಿನ ಹಲವು ಸ್ಕ್ವಾಡ್ರನ್‌ಗಳು ಹರಿಕೇನ್ ಬಿಟ್ಟು ಥಂಡರ್‌ಬೋಲ್ಟ್ ಹಾರಿಸುವುದನ್ನು ಕಲಿತವು. ಹರಿಕೇನಿನ ಮರ್ಲಿನ್ ಸದ್ದನ್ನು ಕೇಳಿದ ಬೆಂಗಳೂರಿಗರು ಒಂದು ಕಾಲಕ್ಕೆ ಸಾವಿರಾರು ಜನ ಇದ್ದರು. ಆ ಕಾರ್ಖಾನೆಯ ಗೇಟಿನೊಳಗೆ ಹೋಗಿ ತಗಡಿಗೆ ರಿವೆಟ್ ಹೊಡೆದವರಲ್ಲಿ ನಿಮ್ಮ ಅಜ್ಜನೋ ಮುತ್ತಜ್ಜನೋ ಇದ್ದಿರಬಹುದು.

ಅದಕ್ಕೇ ಕೊನೆಗೆ ಒಂದು ಕೋರಿಕೆ. ಮುಂದಿನ ಮಾಡೆಲ್ ಶುರು ಮಾಡುವ ಮೊದಲು ಮನೆಯ ಅಟ್ಟದ ಟ್ರಂಕು ಇಳಿಸಿ ನೋಡಿ. ಹಳೆಯ ಆಲ್ಬಮ್ ತೆಗೆಯಿರಿ, ಅತ್ತೆ ಮಾವಂದಿರನ್ನು ಕೇಳಿ. ಖಾಕಿ ಚಡ್ಡಿ ತೊಟ್ಟು ರೆಕ್ಕೆಯ ಮೇಲೆ ಕೂತ ಹುಡುಗನೊಬ್ಬನ ಮಸುಕು ಫೋಟೋ ಸಿಕ್ಕರೆ ಅದನ್ನು ಒಳ್ಳೆಯ ಸ್ಕ್ಯಾನರಿನಲ್ಲಿ, ದೊಡ್ಡ ಅಳತೆಯಲ್ಲಿ ಸ್ಕ್ಯಾನ್ ಮಾಡಿಸಿ. ಕತ್ತರಿಸಬೇಡಿ, ಬಣ್ಣ ತುಂಬಬೇಡಿ, ಕಂಪ್ಯೂಟರಿನಲ್ಲಿ ಕಲೆ ಅಳಿಸಬೇಡಿ. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಪೆನ್ಸಿಲಿನಲ್ಲಿ ಬರೆದ ಊರು, ತಿಂಗಳು, ಪಕ್ಕ ನಿಂತವರ ಹೆಸರು ಇರುವುದು ಅಲ್ಲಿ. ಅದನ್ನು ಮೇಜಿನ ಮೇಲೆ ಎದುರಿಗೆ ಒರಗಿಸಿಕೊಂಡು ಆಮೇಲೆ ಏರ್‌ಬ್ರಷ್ ಎತ್ತಿಕೊಳ್ಳಿ. ಅಂಥ ಫೋಟೋ ಯಾರಿಗಾದರೂ ಸಿಕ್ಕರೆ ನನಗೂ ಒಂದು ಪ್ರತಿ ತೋರಿಸಿ.

ಇಂತಿ,
ನಿಮ್ಮ ಮೇಜಿನ ಸಾಲಿನಲ್ಲಿ ನಿಧಾನವಾಗಿ ನಡೆಯುವ ಹಳಬ